ಬಾಲ್ ಪೈಥಾನ್ ಮಾರುವವರು ಪಾಲನೆಯ ಚೀಟಿಯನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ವಿದೇಶಿ ಹಾವಿನ ಮರಿಗಳ ಕಳ್ಳಸಾಗಣೆ ಕುರಿತು ನಿಮ್ಮಲ್ಲಿ ಬಂದ ಸುದ್ದಿಯನ್ನೂ ಅದಕ್ಕೆ ಓದುಗರು ಬರೆದ ಪ್ರತಿಕ್ರಿಯೆಗಳನ್ನೂ ಓದಿದೆ. ಇಂಥ ಹಾವು ಸಾಕುವವರನ್ನೆಲ್ಲ ಜೈಲಿಗೆ ಹಾಕಿ ಎಂದು ಒಬ್ಬರು ಬರೆದಿದ್ದಾರೆ. ಇನ್ನೊಬ್ಬರು, ತಮ್ಮ ಪರಿಚಯದ ಹುಡುಗ ಬಾಲ್ ಪೈಥಾನ್ ಮರಿಯೊಂದಕ್ಕೆ ದಿನವೂ ಹಾಲು, ಹಸಿ ಮೊಟ್ಟೆ ಕೊಟ್ಟು ಪ್ರೀತಿಯಿಂದ ಸಾಕುತ್ತಿದ್ದಾನೆ ಎಂದು ಮೆಚ್ಚಿಕೊಂಡಿದ್ದಾರೆ. ಮೊದಲನೆಯವರ ಸಿಟ್ಟು ಅರ್ಥವಾಗುವಂಥದ್ದು. ಎರಡನೆಯವರ ಮೆಚ್ಚುಗೆ ಓದಿ ಸುಮ್ಮನಿರಲಾಗಲಿಲ್ಲ. ಅದೇ ಆಹಾರ ಮುಂದುವರಿದರೆ ಆ ಮರಿ ಉಳಿಯುವುದಿಲ್ಲ.

ನಾನು ತಿಪಟೂರಿನವಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮೊಮ್ಮಗ ನಮ್ಮ ಮನೆಯಲ್ಲೇ ಇದ್ದು ಓದುತ್ತಾನೆ. ಅವನ ಕೋಣೆಯಲ್ಲೊಂದು ಬಾಲ್ ಪೈಥಾನ್ ಮರಿ ಇದೆ. ಕಾಗದಪತ್ರ, ನೋಂದಣಿ ಎಲ್ಲ ಆಗಿರುವಂಥದ್ದು. ಅವನು ಕಾಲೇಜಿಗೆ ಹೋದಾಗ, ಪರೀಕ್ಷೆಗೆ ಕೂತಾಗ, ಗೆಳೆಯರ ಮದುವೆಗೆಂದು ಊರೂರು ಸುತ್ತುವಾಗ ಅದರ ಉಸ್ತುವಾರಿ ನನ್ನದು. ಅಂದರೆ ಹೆಚ್ಚುಕಡಿಮೆ ಯಾವಾಗಲೂ ನನ್ನದೇ.

ಮೊದಲು ಇದು ಯಾವ ಹಾವೆಂದು ಹೇಳಿಬಿಡುತ್ತೇನೆ, ಏಕೆಂದರೆ ಅರ್ಧ ಗೊಂದಲ ಅಲ್ಲೇ ಇದೆ. ನಮ್ಮ ಕಾಡುಮೇಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಬಾಲ್ ಪೈಥಾನ್ ಅದರ ದೂರದ ನೆಂಟ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು, ಹೊಲದ ಅಂಚುಗಳಲ್ಲಿ ಹಗಲೆಲ್ಲ ಇಲಿಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಅಡಗಿದ್ದು ರಾತ್ರಿ ಹೊರಗೆ ಬರುತ್ತದೆ. ವಿಷವಿಲ್ಲ. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಮೊಟ್ಟೆಯೊಡೆದು ಬಂದಾಗ ಅಡಿಕೋಲಿನಷ್ಟು ಉದ್ದ ಇರುತ್ತದೆ. ಬೆಳೆದ ಗಂಡು ಸಾಮಾನ್ಯವಾಗಿ 3ರಿಂದ 3.5 ಅಡಿ, ಹೆಣ್ಣು 4ರಿಂದ 5 ಅಡಿ. ನಮ್ಮ ಬೀದಿಯ ಹಾಲಿನವನಂತೂ ಬಂದಾಗಲೆಲ್ಲ ಕೇಳುತ್ತಾನೆ, "ಟೀಚರಮ್ಮ, ದೊಡ್ಡದಾದ್ಮೇಲೆ ನಮ್ಮ ಕರೂನ ನುಂಗಲ್ವಾ?" ಕರು ಇರಲಿ, ಅವನ ಮನೆಯ ಬೆಕ್ಕನ್ನೂ ನುಂಗಲಾರದು.

ಬೆನಿನ್ ದೇಶದ ವೀಡಾ ಎಂಬ ಪಟ್ಟಣದಲ್ಲಿ ಇದೇ ಜಾತಿಯ ಹಾವುಗಳಿಗೆ ಒಂದು ಗುಡಿಯೇ ಇದೆ. ಹಾವನ್ನು ಪೂಜಿಸುವವರು ನಾವಷ್ಟೇ ಅಲ್ಲ ಎಂದು ತಿಳಿದಾಗ ನನಗೇನೋ ಸಂತೋಷವಾಯಿತು. ಆದರೆ ಪೂಜೆಗೂ ಪಾಲನೆಗೂ ವ್ಯತ್ಯಾಸವಿದೆ. ನಾಗರ ಪಂಚಮಿಯ ದಿನ ಪಕ್ಕದ ಬೀದಿಯ ಹೆಂಗಸರು ಹಾಲು, ತಂಬಿಟ್ಟು ಹಿಡಿದು ನಮ್ಮ ಮನೆಗೆ ಬಂದರು. ತಂಬಿಟ್ಟನ್ನು ನಾವೆಲ್ಲ ತಿಂದೆವು, ಹಾಲಿನಲ್ಲಿ ಅವರಿಗೇ ಕಾಫಿ ಮಾಡಿಕೊಟ್ಟೆ. ಹಾವಿಗೆ ಹಾಲು ಅರಗುವುದಿಲ್ಲ. ಹಾವಾಡಿಗರು ದಿನಗಟ್ಟಲೆ ನೀರು ಕೊಡದೆ ಇಟ್ಟ ಹಾವು ಬಾಯಾರಿಕೆಗೆ ಸಿಕ್ಕಿದ್ದನ್ನು ಹೀರುತ್ತದೆ, ಆಮೇಲೆ ಕಾಯಿಲೆ ಬೀಳುತ್ತದೆ. ಮರಿಗೆ ಬೇಕಾದದ್ದು ಒಂದು ಭಾರವಾದ ಬಟ್ಟಲಲ್ಲಿ ಸ್ವಚ್ಛ ನೀರು, ಅಷ್ಟೇ.

ಇನ್ನು ಶಾಖ. ಈ ಹಾವು ಕೊಂಡವರು ಅತಿ ಕಡಿಮೆ ಯೋಚಿಸುವುದು ಇದರ ಬಗ್ಗೆಯೇ, ಮರಿಗಳು ಹೆಚ್ಚಾಗಿ ನರಳುವುದೂ ಇದರಿಂದಲೇ. ಹಾವು ನಮ್ಮಂತೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳುವುದಿಲ್ಲ. ಹೊರಗಿನ ಶಾಖ ಸಾಲದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲಿ ಕರಗದೆ ಕೊಳೆಯುತ್ತದೆ. ಹಾವು ಅದನ್ನು ಕಕ್ಕುತ್ತದೆ. ಹಾಗೆಂದು ಇಡೀ ಪೆಟ್ಟಿಗೆಯನ್ನು ಒಂದೇ ಸಮ ಬಿಸಿ ಮಾಡಿದರೂ ತಪ್ಪು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇದ್ದರೆ ಅದು ತನಗೆ ಬೇಕಾದ ಕಡೆ ತಾನೇ ಹರಿದು ಹೋಗುತ್ತದೆ. ಬೆಚ್ಚಗಿನ ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪಿನ ತುದಿಯಲ್ಲಿ 25ರಿಂದ 27. ರಾತ್ರಿಯಲ್ಲೂ 24ಕ್ಕಿಂತ ಕೆಳಗೆ ಇಳಿಯಬಾರದು. ತಿಪಟೂರಿನಲ್ಲಿ ಮಾಗಿಯ ಚಳಿ ಬಿದ್ದಾಗ ಬೆಳಗಿನ ಜಾವ 15ರ ಆಸುಪಾಸು ಇರುತ್ತದೆ, ಬೆಂಗಳೂರಿನಲ್ಲೂ ಅಷ್ಟೆ. 'ನಮ್ಮದು ಬಿಸಿಲಿನ ದೇಶ, ಹೀಟರ್ ಯಾಕೆ' ಎನ್ನುವವರು ಡಿಸೆಂಬರ್ ತಿಂಗಳಲ್ಲಿ ಒಂದು ರಾತ್ರಿ ಬರಿ ನೆಲದ ಮೇಲೆ ಮಲಗಿ ನೋಡಲಿ.

ಶಾಖಕ್ಕೆ ನಾವು ಪೆಟ್ಟಿಗೆಯ ಅಡಿಯಲ್ಲಿ, ಮೂರನೇ ಒಂದು ಭಾಗಕ್ಕೆ ಮಾತ್ರ, ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಕಾಯುವ ತೆಳು ಹಾಸು, ಹಾಕಿದ್ದೇವೆ. ಹೀಟ್ ಮ್ಯಾಟ್ ಕೊಂಡವರೆಲ್ಲ, ಗೊತ್ತುಮಾಡಿದಷ್ಟು ಬಿಸಿಯಾದೊಡನೆ ಅದನ್ನು ತಾನಾಗಿ ಆರಿಸುವ ಥರ್ಮೋಸ್ಟಾಟ್ ಕೊಳ್ಳುವುದಿಲ್ಲ. ಅಂಗಡಿಯವರು ಅದನ್ನು ಬೇಕಾದರೆ ತೆಗೆದುಕೊಳ್ಳಿ ಎಂಬಂತೆ ತೋರಿಸುತ್ತಾರೆ. ಅದಿಲ್ಲದೆ ಮ್ಯಾಟ್ ತನ್ನ ಪಾಡಿಗೆ ಕಾಯುತ್ತಲೇ ಹೋಗಿ 40 ಡಿಗ್ರಿ ದಾಟಿಬಿಡುತ್ತದೆ. ಹೊಟ್ಟೆಯಡಿಯ ಬಿಸಿಗೆ ಹಾವು ನಾವು ಅಂದುಕೊಂಡ ಹಾಗೆ ತಟ್ಟನೆ ಸರಿದುಹೋಗುವುದಿಲ್ಲ. ಅಲ್ಲೇ ಮಲಗಿ ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟಿನ ಶೋಧಕ ತಂತಿಯನ್ನು ಮ್ಯಾಟ್ ಮತ್ತು ಪೆಟ್ಟಿಗೆಯ ತಳದ ನಡುವೆ ಇಡಬೇಕು. ಪೆಟ್ಟಿಗೆಯ ಒಳಗೆ ಟೇಪ್ ಹಚ್ಚಿ ಅಂಟಿಸಿದರೆ ಆ ಟೇಪಿಗೆ ಹಾವಿನ ಚರ್ಮವೇ ಅಂಟಿಕೊಳ್ಳುತ್ತದೆ. ಒಳಗೆ ಒಂದೊಂದು ತುದಿಗೆ ಒಂದೊಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಕೈಯಿಟ್ಟು ನೋಡಿ 'ಬೆಚ್ಚಗಿದೆ' ಎನ್ನುವುದು ಅಳತೆಯಲ್ಲ. ಮೇಲಿನಿಂದ ಶಾಖ ಕೊಡುವ ಸೆರಾಮಿಕ್ ಹೀಟರ್ ಬಳಸುವವರು ಅದರ ಸುತ್ತ ತಂತಿ ಜಾಲರಿ ಹಾಕಲೇಬೇಕು. ಪೆಟ್ಟಿಗೆಯೊಳಗೆ ಬರಿ ಬಲ್ಬ್ ನೇತುಹಾಕುವುದು, ಕರೆಂಟಿನಿಂದ ಕಾಯುವ ಕೃತಕ ಕಲ್ಲು ಇಡುವುದು ಎರಡನ್ನೂ ಮರೆತುಬಿಡಿ.

ಕರೆಂಟ್ ಹೋದರೆ? ಈ ಪ್ರಶ್ನೆಗೆ ವಿದೇಶದ ವಿಡಿಯೋಗಳಲ್ಲಿ ಉತ್ತರ ಸಿಗುವುದಿಲ್ಲ, ಅಲ್ಲಿ ಕರೆಂಟ್ ಹೋಗುವುದೇ ಅಪರೂಪ. ಚಿಕ್ಕ ಮ್ಯಾಟ್ ಎಳೆಯುವುದು ಇಪ್ಪತ್ತು ವ್ಯಾಟ್ ಆಜುಬಾಜು. ಮನೆಯ ಇನ್ವರ್ಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಇನ್ವರ್ಟರ್ ಇಲ್ಲದವರು ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪೆಟ್ಟಿಗೆಯ ಹೊರಗೆ ಒರಗಿಸಿ, ಮೇಲೊಂದು ಕಂಬಳಿ ಹೊದಿಸಬಹುದು. ಗಾಳಿಯ ತೂತು ಮುಚ್ಚದ ಹಾಗೆ. ಒಂದೆರಡು ಗಂಟೆಯ ತಂಪಿಗೆ ಹಾವು ಸಾಯುವುದಿಲ್ಲ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಇಡೀ ದಿನ ಕರೆಂಟ್ ಬರುವುದಿಲ್ಲವೆಂದು ಗೊತ್ತಾದರೆ ಅಂದು ಊಟ ಕೊಡಬೇಡಿ. ಖಾಲಿ ಹೊಟ್ಟೆಯ ಹಾವು ಚಳಿ ತಡೆಯುತ್ತದೆ, ತುಂಬಿದ ಹೊಟ್ಟೆಯದು ತಡೆಯುವುದಿಲ್ಲ.

ಕಲಬುರಗಿ, ರಾಯಚೂರಿನ ಕಡೆಯವರಿಗೆ ತೊಂದರೆ ತಿರುಗುಮುರುಗು. ಹೊರಗೆ 42 ಡಿಗ್ರಿ ಇದ್ದಾಗ ಥರ್ಮೋಸ್ಟಾಟ್ ಹೀಟರನ್ನು ನಿಲ್ಲಿಸಬಲ್ಲದು, ಕೋಣೆಯನ್ನು ತಂಪು ಮಾಡಲಾರದು. ಪೆಟ್ಟಿಗೆಯೊಳಗೆ ಎಲ್ಲ ಕಡೆ 35 ದಾಟಿತೆಂದರೆ ಹಾವಿಗೆ ಓಡಿಹೋಗಲು ಜಾಗವೇ ಉಳಿಯುವುದಿಲ್ಲ. ಮೇ ತಿಂಗಳಲ್ಲಿ ಕೂಲರ್ ಇರುವ ಕೋಣೆ, ಇಲ್ಲವೆ ಹಳೆ ಮಣ್ಣಿನ ಮನೆಯ ನಡುಮನೆ ಇದ್ದರೆ ಮಾತ್ರ ಅಲ್ಲಿಯವರು ಈ ಸಾಹಸಕ್ಕೆ ಕೈ ಹಾಕಬಹುದು. ಇಲ್ಲದವರು ಬೇರೆ ಪ್ರಾಣಿ ಸಾಕಲಿ.

ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎನ್ನುವುದರಲ್ಲಿ ಸಾಕುವವರಲ್ಲೇ ಜಗಳವಿದೆ. ಮರಿ ಮಾಡಿಸಿ ಮಾರುವವರು ಬಟ್ಟೆ ಇಡುವ ಡ್ರಾಯರಿನಂಥ ಟಬ್ಬುಗಳಲ್ಲಿ ಸಾಲಾಗಿ ಇಡುತ್ತಾರೆ. ಇಕ್ಕಟ್ಟಿದ್ದರೆ ಚೆನ್ನಾಗಿ ತಿನ್ನುತ್ತವೆ ಎಂಬುದು ಅವರ ವಾದ. ನನಗೆ ಅದು ಒಪ್ಪಿಗೆಯಿಲ್ಲ. ಮೈ ನೀಟಾಗಿ ಚಾಚಲೂ ಆಗದ ಜಾಗದಲ್ಲಿ ಯಾವ ಪ್ರಾಣಿಯನ್ನೂ ಇಡಬಾರದು. ಹಾಗೆಂದು ಅಂಗೈಯಷ್ಟಾಗಿ ಸುತ್ತಿಕೊಳ್ಳುವ ಮರಿಯನ್ನು ದೊಡ್ಡ ಖಾಲಿ ಗಾಜಿನ ಟ್ಯಾಂಕಿಗೆ ಬಿಟ್ಟರೆ ಅದು ಭಯದಿಂದ ತಿನ್ನುವುದನ್ನೇ ಬಿಡುತ್ತದೆ. ತೊಂದರೆ ಟ್ಯಾಂಕ್ ದೊಡ್ಡದು ಎನ್ನುವುದಲ್ಲ, ಅಲ್ಲಿ ಮರೆ ಇಲ್ಲ ಎನ್ನುವುದು. ನಮ್ಮ ಮರಿ ಸದ್ಯ ಎರಡಡಿ ಉದ್ದದ, ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿದೆ. ಕಾಸಿದ ಕಂಬಿಯಿಂದ ಪಕ್ಕಗಳಲ್ಲಿ ಚಿಕ್ಕ ಚಿಕ್ಕ ತೂತು ಮಾಡಿದ್ದೇವೆ. ಬೆಳೆದ ಮೇಲೆ ಬೇಕಾಗುವ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪ್ಲೈವುಡ್ ಪೆಟ್ಟಿಗೆಯನ್ನು ನಮ್ಮ ಬಡಗಿಗೆ ಈಗಲೇ ಹೇಳಿಟ್ಟಿದ್ದೇನೆ: ಮುಂದೆ ಸರಿಯುವ ಗಾಜು, ಅದಕ್ಕೊಂದು ಬೀಗ. ಬೀಗ ಅಲಂಕಾರಕ್ಕಲ್ಲ. ಹಾವು ಮೂಗಿನಿಂದ ರಾತ್ರಿಯಿಡೀ ಮುಚ್ಚಳ ತಳ್ಳಿ ನೋಡುತ್ತದೆ, ಸಂದು ಸಿಕ್ಕರೆ ಬಿಡುವುದಿಲ್ಲ. ನಿಮ್ಮ ಹಾವು ಪಕ್ಕದ ಮನೆಯ ಬಚ್ಚಲಲ್ಲಿ ಕಾಣಿಸಿಕೊಂಡರೆ ಅವರು ದೊಣ್ಣೆ ಹುಡುಕುತ್ತಾರೆಯೇ ಹೊರತು ಅದು ಯಾವ ಖಂಡದ್ದು ಎಂದು ವಿಚಾರಿಸುವುದಿಲ್ಲ.

ಮರೆಗೆ ತಿಪಟೂರಿನವರಾದ ನಮಗೆ ಅಂಗಡಿಗೆ ಹೋಗುವ ಅಗತ್ಯವೇ ಬೀಳಲಿಲ್ಲ. ದೊಡ್ಡ ಕಾಯಿಯ ಕರಟ ತೆಗೆದುಕೊಂಡು, ಒಂದು ಬದಿಗೆ ಬಾಗಿಲಿನಷ್ಟು ಕೊರೆದು, ಅಂಚನ್ನೆಲ್ಲ ಮರಳು ಕಾಗದದಿಂದ ಉಜ್ಜಿ ಕವುಚಿಟ್ಟರೆ ಮರಿಗೆ ಅದೇ ಹುತ್ತ. ಬೆಚ್ಚಗಿನ ತುದಿಗೊಂದು, ತಂಪಿನ ತುದಿಗೊಂದು, ಹೀಗೆ ಎರಡು ಬೇಕೇ ಬೇಕು. ಒಂದೇ ಇಟ್ಟರೆ ಶಾಖವೋ ರಕ್ಷಣೆಯೋ ಎಂದು ಹಾವು ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಅದು ರಕ್ಷಣೆಯನ್ನೇ ಆರಿಸಿಕೊಂಡು ಚಳಿಯಲ್ಲಿ ಕೂತಿರುತ್ತದೆ. ಕರಟದ ಗೋಡೆ ಮೈಗೆ ಎಲ್ಲ ಕಡೆಯಿಂದಲೂ ತಾಕುವಷ್ಟು ಬಿಗಿಯಾಗಿದ್ದರೇ ಅದಕ್ಕೆ ನೆಮ್ಮದಿ. ಬೆಳೆದಂತೆ ಕರಟ ಸಾಲದಾದಾಗ ಮಣ್ಣಿನ ಮಡಕೆ.

ನೆಲಕ್ಕೂ ನಮ್ಮೂರಿನದೇ ಸಾಮಾನು. ತೆಂಗಿನ ನಾರಿನ ಪುಡಿ, ಜೊತೆಗೆ ಸಣ್ಣಗೆ ಕತ್ತರಿಸಿದ ಸಿಪ್ಪೆ. ಇದೇ ಪುಡಿಯನ್ನು ಇಟ್ಟಿಗೆಯ ಹಾಗೆ ಒತ್ತಿ, ಮೇಲೆ ಹಲ್ಲಿಯದೋ ಹಾವಿನದೋ ಚಿತ್ರ ಹಾಕಿ, ಹೊರದೇಶದ ಹೆಸರಿಟ್ಟು ಮಾರುವುದನ್ನು ನೋಡಿದಾಗ ನಗು ಬರುತ್ತದೆ. ಉಪ್ಪುನೀರಿನಲ್ಲಿ ನೆನೆಹಾಕಿದ ನಾರಾದರೆ ಚೆನ್ನಾಗಿ ತೊಳೆದು ಒಣಗಿಸಿ ಬಳಸಬೇಕು. ಸಾಮಿಲ್ಲಿನ ಹೊಟ್ಟು ಬೇಡ. ದೇವದಾರು, ಪೈನ್ ಮರದ ಹೊಟ್ಟಿನ ಘಾಟು ಹಾವಿನ ಉಸಿರಿಗೆ ಕೆಡುಕು. ಹೊಸದಾಗಿ ತಂದ ಮರಿಗಾದರೆ ಮೊದಲ ಕೆಲವು ವಾರ ನಾರೂ ಬೇಡ, ಹಳೆ ಪತ್ರಿಕೆ ಹಾಸಿ. ಮೈಮೇಲೆ ರಕ್ತ ಹೀರುವ ಉಣುಗಿನಂಥ ಹುಳುಗಳಿದ್ದರೆ, ಹೇಲು ನೀರಾಗಿದ್ದರೆ ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ನಿಮ್ಮ ಪತ್ರಿಕೆ ನಮ್ಮ ಮನೆಯಲ್ಲಿ ಆ ಸೇವೆಯನ್ನೂ ಮಾಡಿದೆ; ಓದಿ ಮುಗಿಸಿದ ಮೇಲೆಯೇ ಹಾಸಿದ್ದು, ಬೇಸರ ಬೇಡ.

ಗಾಳಿಯ ತೇವ ಶೇ 55ರಿಂದ 65ರ ನಡುವೆ ಇರಬೇಕು, ಪೊರೆ ಬಿಡುವ ಸಮಯದಲ್ಲಿ ಇನ್ನೂ ತುಸು ಹೆಚ್ಚು. ನಮ್ಮ ಬಯಲುಸೀಮೆಯ ಮಾರ್ಚ್‌ನಲ್ಲಿ ಇದರ ಅರ್ಧವೂ ಇರುವುದಿಲ್ಲ. ನಾರಿನ ಮೂಲೆಗಳಿಗೆ ನೀರು ಸುರಿದು, ಮೇಲ್ಪದರ ಒಣಗಿರುವಂತೆ, ಕೆಳಗೆ ಪಸೆ ಇರುವಂತೆ ನೋಡಿಕೊಂಡರೆ ಸಾಕು. ಮೇಲೆಲ್ಲ ಚಿಮುಕಿಸಿ ಒದ್ದೆ ಮಾಡಿದರೆ ಹೊಟ್ಟೆಯ ಪರೆಗಳು ಕೊಳೆಯುತ್ತವೆ. ಶಿವಮೊಗ್ಗ, ಚಿಕ್ಕಮಗಳೂರಿನ ಮಳೆಗಾಲದಲ್ಲಿ ಮತ್ತು ಕರಾವಳಿಯಲ್ಲಿ ನೀರು ಹಾಕುವ ಮಾತೇ ಇಲ್ಲ, ಬೂಷ್ಟು ಹಿಡಿಯದಂತೆ ಗಾಳಿಯಾಡಿಸುವುದೇ ಕೆಲಸ. ಮರಿಯ ಕಣ್ಣು ಮಸುಕಾಗಿ ನೀಲಿಗಟ್ಟಿದರೆ ಪೊರೆ ಬಿಡಲು ಸಿದ್ಧವಾಗಿದೆ ಎಂದರ್ಥ. ಆಗ ಅದನ್ನು ಮುಟ್ಟಬೇಡಿ, ಊಟಕ್ಕೂ ಒತ್ತಾಯಿಸಬೇಡಿ. ತೇವ ಸರಿಯಿದ್ದರೆ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಕಳಚುತ್ತದೆ. ಕಣ್ಣಿನ ಮೇಲಿನ ಪೊರೆ ಉಳಿದುಕೊಂಡಿದ್ದರೆ ಉಗುರಿನಿಂದ ಕೀಳಲು ಹೋಗದೆ ವೈದ್ಯರಿಗೆ ತೋರಿಸಿ.

ಈಗ ಊಟದ ವಿಚಾರ. ನಮ್ಮದು ಮೊಟ್ಟೆಯನ್ನೂ ತಾರದ ಮನೆ. ಹಾವು ಬರುವ ಮುಂಚೆಯೇ ಮೊಮ್ಮಗನಿಗೆ ಹೇಳಿದೆ: ಇಲಿಯನ್ನು ನನ್ನ ಫ್ರಿಜ್ಜಿಗೆ ತರಕೂಡದು, ನಿನ್ನ ದುಡ್ಡಿನಲ್ಲಿ ಬೇರೆ ತಾ. ಹಳೆಯದೊಂದು ಪುಟ್ಟ ಫ್ರಿಜ್ ತಂದು ಹಿಂದಿನ ಸ್ಟೋರಿನಲ್ಲಿಟ್ಟ. ಈ ಹಾವಿನ ಆಹಾರ ಇಲಿ, ಸುಂಡಿಲಿ. ಕಾಡಿನಲ್ಲಿರುವ ಚಿಕ್ಕವು ಹಕ್ಕಿಮರಿಗಳನ್ನೂ ತಿನ್ನುತ್ತವೆ. ಏನೇ ತಿಂದರೂ ಇಡಿಯಾಗಿ ತಿನ್ನಬೇಕು, ಏಕೆಂದರೆ ಮೂಳೆ, ಯಕೃತ್ತು, ಕರುಳು ಎಲ್ಲದರಿಂದಲೂ ಅದಕ್ಕೆ ಸುಣ್ಣ, ಜೀವಸತ್ವ ಸಿಗಬೇಕು. ಬ್ರಾಯ್ಲರ್ ಕೋಳಿಯ ಎದೆ ತುಂಡು ಕತ್ತರಿಸಿ ಹಾಕುವವರಿಗೆ ಇದು ತಿಳಿದಿರುವುದಿಲ್ಲ. ಸಸ್ಯಾಹಾರಿ ಹಾವು ಎಂಬುದು ಜಗತ್ತಿನಲ್ಲಿ ಇಲ್ಲ. ಇದು ಮನಸ್ಸಿಗೆ ಒಗ್ಗದವರು ಹಾವು ತರಬಾರದು. ನನಗೆ ಒಗ್ಗಿತೇ ಎಂದು ಕೇಳಿದರೆ, ಇಕ್ಕಳ ಹಿಡಿಯುವಷ್ಟರ ಮಟ್ಟಿಗೆ ಒಗ್ಗಿದೆ.

ಮನೆಯಲ್ಲಿ ಬೋನಿಗೆ ಬಿದ್ದ ಇಲಿಯನ್ನು ಹಾಕುವಂತಿಲ್ಲ. ಅದು ಪಕ್ಕದ ಮನೆಯಲ್ಲಿ ಪಾಷಾಣದ ಬಿಲ್ಲೆ ತಿಂದು ಬಂದಿದ್ದರೆ ಆ ವಿಷ ಹಾವಿಗೂ ದಾಟುತ್ತದೆ. ಹುಳುಹುಪ್ಪಟೆಯ ಕಾಟ ಬೇರೆ. ಸಾಕಿ ಬೆಳೆಸಿದ ಬಿಳಿ ಇಲಿಯೇ ಆಗಬೇಕು. ಮೊಮ್ಮಗ ಬೆಂಗಳೂರಿನಿಂದ ಹೆಪ್ಪುಗಟ್ಟಿಸಿದ್ದನ್ನು ಐಸ್ ಪೆಟ್ಟಿಗೆಯಲ್ಲಿ ತರುತ್ತಾನೆ. ಜೀವಂತ ಇಲಿ ಬಿಟ್ಟು ಬೇಟೆ ನೋಡುವ ಚಪಲ ಕೆಲವು ಹುಡುಗರಿಗಿದೆ. ಹಸಿವಿಲ್ಲದ ಹಾವಿನ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಉಳಿದ ಇಲಿ ಹಾವನ್ನೇ ಕಡಿದು ಮೂಳೆ ಕಾಣುವಂತೆ ಮಾಡಬಲ್ಲದು.

ಅಳತೆ ಹೀಗಿದೆ. ಮರಿಯ ತೂಕದ ನೂರಕ್ಕೆ 10ರಿಂದ 15 ಭಾಗದಷ್ಟು ತೂಗುವ ಇಲಿ, ವಾರಕ್ಕೊಂದು. ತಕ್ಕಡಿ ಇಲ್ಲದಿದ್ದರೆ ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ. ನಮ್ಮ ಮರಿ ಈಗ 140 ಗ್ರಾಂ. ಅದಕ್ಕೆ 14ರಿಂದ 20 ಗ್ರಾಂ ತೂಗುವ ಇಲಿಮರಿ ಸರಿಹೋಗುತ್ತದೆ. ಅರ್ಧ ಕಿಲೋ ದಾಟಿದ ಮೇಲೆ ಎರಡು ಊಟಗಳ ನಡುವಿನ ಅಂತರ ಹೆಚ್ಚಿಸುತ್ತಾ ಹೋಗಬೇಕು. ಪೂರ್ತಿ ಬೆಳೆದವಕ್ಕೆ ಎರಡು ಮೂರು ವಾರಕ್ಕೊಮ್ಮೆ ಸಾಕು. ಬೇಗ ಬೆಳೆಯಲೆಂದು ವಾರಕ್ಕೆರಡು ಸಲ ತುರುಕುವವರೂ ಇದ್ದಾರೆ, ಹಾಗೆ ಬೊಜ್ಜು ಬಂದ ಹಾವಿನ ಆಯಸ್ಸು ಕಡಿಮೆ.

ಹೆಪ್ಪುಗಟ್ಟಿದ ಇಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿ, ಮಾರನೆಯ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿಡುತ್ತೇವೆ. ಮೈಕ್ರೋವೇವ್ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಇಲಿಯ ಮೈ 38 ಡಿಗ್ರಿಯಷ್ಟು ಬೆಚ್ಚಗಾಗಿರಬೇಕು. ಬಾಲ್ ಪೈಥಾನಿನ ತುಟಿಯ ಅಂಚಿನಲ್ಲಿ ಶಾಖ ಗುರುತಿಸುವ ಸಣ್ಣ ಸಣ್ಣ ಗುಳಿಗಳಿವೆ. ಕತ್ತಲಲ್ಲಿ ಬೇಟೆ ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುವುದು ಅವುಗಳಿಂದ. ತಣ್ಣಗಿನ ಇಲಿ ಅದರ ಪಾಲಿಗೆ ಬೇಟೆಯೇ ಅಲ್ಲ. ನೀರು ಒರೆಸಿ, ಉದ್ದದ ಇಕ್ಕಳದಲ್ಲಿ ಹಿಡಿದು, ದೀಪ ಆರಿಸಿ, ಕರಟದ ಬಾಗಿಲ ಮುಂದೆ ಮೆಲ್ಲಗೆ ಆಡಿಸಬೇಕು. ಕೈಯಲ್ಲಿ ಹಿಡಿದರೆ ಬೆರಳನ್ನೇ ಇಲಿ ಎಂದುಕೊಳ್ಳುತ್ತದೆ. ಮರಿ ಕಚ್ಚಿದರೆ ಮುಳ್ಳು ಗೀಚಿದಷ್ಟೇ, ಆದರೂ ಯಾಕೆ ಬೇಕು? ನುಂಗಿದ ಮೇಲೆ ಎರಡು ದಿನ ಅದನ್ನು ಎತ್ತಬಾರದು. ಊಟಕ್ಕೆಂದು ಬೇರೆ ಡಬ್ಬಕ್ಕೆ ವರ್ಗಾಯಿಸುವ ಪದ್ಧತಿಯೂ ಅನಗತ್ಯ, ಅದರಿಂದ ಹೆದರಿಕೆಯೇ ಹೆಚ್ಚು. ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು, ಏಕೆಂದರೆ ಹಾವು, ಹಲ್ಲಿ, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ.

ತಿನ್ನಲಿಲ್ಲ ಎಂದರೆ ಏನು ಮಾಡುವುದು? ಬಾಲ್ ಪೈಥಾನ್ ಊಟದ ವಿಷಯದಲ್ಲಿ ಮಹಾ ಹಟಮಾರಿ ಎಂದು ಸಾಕುವವರೆಲ್ಲ ಬಲ್ಲರು. ಬೆಳೆದವು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸವಿದ್ದೂ ಆರೋಗ್ಯವಾಗಿರುತ್ತವೆ. ಮರಿಗೆ ಅಷ್ಟು ಬಂಡವಾಳ ಇರುವುದಿಲ್ಲ. ಹೊಸ ಜಾಗಕ್ಕೆ ಬಂದ ಮರಿಯನ್ನು ಮೊದಲ ವಾರ ಮುಟ್ಟದೆ, ಇಣುಕದೆ ಬಿಟ್ಟು ಆಮೇಲೆ ಊಟ ತೋರಿಸಬೇಕು. ಬೇಡವೆಂದರೆ ಆ ಇಲಿಯನ್ನು ಎಸೆಯಿರಿ, ಮತ್ತೆ ಹೆಪ್ಪುಗಟ್ಟಿಸಬೇಡಿ. ಐದಾರು ದಿನ ಬಿಟ್ಟು ಇನ್ನೊಂದನ್ನು ತೋರಿಸಿ. ಈ ನಡುವೆ ಥರ್ಮಾಮೀಟರ್ ನೋಡಿ, ಮರೆಗಳು ಬಿಗಿಯಾಗಿವೆಯೇ ನೋಡಿ, ಮನೆಗೆ ಬಂದವರಿಗೆಲ್ಲ ಹಾವನ್ನು ಎತ್ತಿ ತೋರಿಸುವ ಚಟ ಬಿಡಿ. ಮುಕ್ಕಾಲು ಪಾಲು ಉಪವಾಸಗಳ ಕಾರಣ ಈ ಮೂರರಲ್ಲಿ ಒಂದಾಗಿರುತ್ತದೆ. ತೂಕ ನೂರಕ್ಕೆ ಹತ್ತರಷ್ಟು ಇಳಿದರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ತಡ ಮಾಡದೆ ಹಾವುಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಹೋಗಬೇಕು. ಅಂಥವರು ಎಲ್ಲಿದ್ದಾರೆಂದು ಹಾವು ತರುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದು ಕಷ್ಟ. ಕಕ್ಕಿದ ಹಾವಿಗೆ ಕನಿಷ್ಠ ಹತ್ತು ಹದಿನಾಲ್ಕು ದಿನ ಬಿಡುವು ಕೊಟ್ಟು, ಆಮೇಲೆ ಮೊದಲಿಗಿಂತ ಚಿಕ್ಕ ಇಲಿ ಕೊಡಬೇಕು.

ಮರಿ ಕೊಳ್ಳುವ ಹುಡುಗರು ಲೆಕ್ಕ ಹಾಕದ ಇನ್ನೊಂದು ವಿಷಯ ಆಯಸ್ಸು. ಚೆನ್ನಾಗಿ ಸಾಕಿದರೆ ಇದು 20ರಿಂದ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದಿದ್ದ ಒಂದು ಹೆಣ್ಣು 2020ರ ಜುಲೈನಲ್ಲಿ ಏಳು ಮೊಟ್ಟೆ ಇಟ್ಟಿತು. ಆಗ ಅದರ ವಯಸ್ಸು ಅರವತ್ತು ದಾಟಿತ್ತೆಂದು ಅಲ್ಲಿಯವರ ಅಂದಾಜು. ಗಂಡಿನ ಸಂಗವಿಲ್ಲದೆ ವರ್ಷಗಳೇ ಕಳೆದಿದ್ದವಂತೆ. ನಾನೀಗ ಎಪ್ಪತ್ತರ ಮೇಲಿನವಳು. ಈ ಮರಿಯ ಯೌವನವನ್ನೂ ಪೂರ್ತಿ ನೋಡುವುದಿಲ್ಲ. ಹುಡುಗ ಓದು ಮುಗಿಸಿ ಪುಣೆಗೋ ಹೊರದೇಶಕ್ಕೋ ಹೋದರೆ ಇದರ ಗತಿ ಏನು ಎಂದು ಕೇಳಿದೆ. ಅವನ ಉತ್ತರ ಬಾಯಿಮಾತಿನದಾಗಿತ್ತು. ಯಾರು ವಹಿಸಿಕೊಳ್ಳುತ್ತಾರೆಂದು ಅವರ ಒಪ್ಪಿಗೆ ಸಮೇತ ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ಪೆಟ್ಟಿಗೆ ಒಳಗೆ ಬಂತು. ಸಾಕಲಾಗದವರು 'ಕಾಡಿಗೆ ಬಿಡುತ್ತೇವೆ' ಎನ್ನುವುದನ್ನು ಕೇಳಿದ್ದೇನೆ. ಆಫ್ರಿಕಾದ ಹಾವನ್ನು, ಅದರ ಮೈಯಲ್ಲಿರಬಹುದಾದ ರೋಗಾಣುಗಳ ಸಮೇತ, ನಮ್ಮ ಹಾವುಗಳ ನಡುವೆ ಬಿಡುವುದು ಪುಣ್ಯದ ಕೆಲಸವಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಅಲ್ಲಿನ ಜೌಗು ಕಾಡಿನ ಪ್ರಾಣಿಗಳನ್ನು ಮುಗಿಸುತ್ತಿರುವುದು ಕಣ್ಣೆದುರಿಗೇ ಇದೆ.

ಈಗ ಕಾನೂನು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಮತ್ತು ಸತ್ತುಹೋಗಿದ್ದ 6 ಕ್ಯಾಪುಚಿನ್ ಕೋತಿಗಳು ಸಿಕ್ಕಿದ್ದನ್ನು ಓದುಗರು ಮರೆತಿರಲಾರರು. ಬೇಡಿಕೆ ಇಲ್ಲದೆ ಯಾರೂ ಹಾವು ತುಂಬಿಕೊಂಡು ವಿಮಾನ ಹತ್ತುವುದಿಲ್ಲ. ಅಗ್ಗವಾಗಿ ಸಿಕ್ಕಿತೆಂದು ಫೋನಿನಲ್ಲಿ ಮಾತಾಡಿ, ಬಸ್ ಪಾರ್ಸೆಲ್ಲಿನಲ್ಲಿ ತರಿಸಿಕೊಳ್ಳುವ ಹುಡುಗರೇ ಆ ಬೇಡಿಕೆ. ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ (CITES) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಇಂಥ ಪ್ರಾಣಿ ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. 2024ರ ಫೆಬ್ರುವರಿ 28ರಂದು ಇದಕ್ಕೆ ನಿಯಮಗಳೂ ಬಂದವು. ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಪರಿವೇಶ್ 2.0 ಪೋರ್ಟಲ್‌ನಲ್ಲಿ. ಹಾವು ಮರಿ ಮಾಡಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಮಾರುವವನು ಇದರ ಕಾಗದ ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಸರಿ, ಕಾಗದ ಇದೆ. ಆದರೆ ಪ್ರಾಣಿ ಎಲ್ಲಿಂದ ಬಂತು, ಯಾರ ಬಳಿ ಇದೆ ಎಂಬ ವಿಚಾರಣೆ ಆಗುತ್ತದೆಯೇ ಹೊರತು, ಕೊಂಡವನ ಮನೆಯಲ್ಲಿ ಥರ್ಮೋಸ್ಟಾಟ್ ಇದೆಯೇ ಎಂದು ಕೇಳುವವರಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ರಾಜ್ಯದ ಅರಣ್ಯ ಇಲಾಖೆಗೂ ಪಶುಪಾಲನಾ ಇಲಾಖೆಗೂ ನನ್ನ ಕೋರಿಕೆ. ಇಂಥ ಪ್ರಾಣಿ ಮಾರುವವರು ಪ್ರತಿ ಮರಿಯ ಜೊತೆಗೆ ಕನ್ನಡದಲ್ಲಿ ಅಚ್ಚಾದ ಪಾಲನೆಯ ಚೀಟಿಯೊಂದನ್ನು ಕೊಡುವುದು ಕಡ್ಡಾಯವಾಗಲಿ. ಮೊಟ್ಟೆಯೊಡೆದ ದಿನ, ಆವರೆಗೆ ಏನನ್ನು ಯಾವಾಗ ತಿಂದಿದೆ, ಕಡೆಯ ಪೊರೆ ಯಾವಾಗ ಬಿಟ್ಟಿತು, ತೂಕ ಎಷ್ಟು, ಶಾಖ ಮತ್ತು ತೇವ ಎಷ್ಟಿರಬೇಕು ಎಂಬುದು ಅದರಲ್ಲಿರಲಿ. ಮಾರುವವನ ಕೈಯಲ್ಲಿದ್ದಾಗ ಒಂದು ಸಲವೂ ತಾನಾಗಿ ತಿನ್ನದ ಮರಿಯನ್ನು ಮಾರುವಂತಿಲ್ಲ ಎಂಬ ನಿಯಮವೂ ಬರಲಿ. ಇನ್ನೊಂದು: ಸಾಕಲಾಗದವರು ಕೇಸಿನ ಭಯವಿಲ್ಲದೆ ಹಾವನ್ನು ಒಪ್ಪಿಸುವ ಒಂದು ಜಾಗವನ್ನು ಜಿಲ್ಲೆಗೊಂದರಂತೆ ಗೊತ್ತುಮಾಡಿ ಪ್ರಚಾರ ಮಾಡಲಿ. ಭಯ ಇದ್ದಷ್ಟೂ ಜನ ಕತ್ತಲಲ್ಲಿ ಚೀಲ ಬಿಚ್ಚಿ ಪೊದೆಗೆ ಬಿಡುತ್ತಾರೆ.

ಹಾಲು, ಮೊಟ್ಟೆ ಕೊಡುತ್ತಿರುವ ಆ ಹುಡುಗನ ಪರಿಚಯದವರಿಗೆ ಒಂದು ಮಾತು. ಮರಿ ಇನ್ನೂ ಬದುಕಿದ್ದರೆ ಇಂದೇ ಹಾಲು ನಿಲ್ಲಿಸಿ ನೀರಿಡಲು ಹೇಳಿ. ಬೆಚ್ಚಗಿನ ತುದಿಯ ಅಳತೆ ಸರಿಮಾಡಿದ ನಾಲ್ಕೈದು ದಿನಗಳ ನಂತರ, ಅದರ ತೂಕಕ್ಕೆ ತಕ್ಕ ಚಿಕ್ಕ ಇಲಿಮರಿಯೊಂದನ್ನು ತೋರಿಸಲಿ. ಅದಕ್ಕೆ ಮುಂಚೆ ವೈದ್ಯರಿಗೆ ತೋರಿಸಿದರೆ ಇನ್ನೂ ಒಳ್ಳೆಯದು.

ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿ ಹಾಕುವುದಾದರೆ ನನ್ನ ಮನೆಯ ಮಾತುಗಳಿಗೆ ಹಾಕಿ. ಡಿಗ್ರಿ ಮತ್ತು ಗ್ರಾಂ ಅಂಕಿಗಳನ್ನು ದಯವಿಟ್ಟು ಹಾಗೆಯೇ ಬಿಡಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು
(ಹಾವು ನೋಡಲು ಈಗಾಗಲೇ ಬಹಳ ಜನ ಬರುತ್ತಿರುವುದರಿಂದ ಹೆಸರು, ವಿಳಾಸ ಪ್ರಕಟಿಸಬಾರದಾಗಿ ವಿನಂತಿ)